ನೆತ್ತಿಯೊಳಗಿನ ಸೂಜಿ: ಮೂರು ಸಲ ಕೇಳಿದ ಪ್ರಶ್ನೆ

“ಮೊದಲ ನಾ ಏನಂದೆ ಗೊತ್ತೇನ್ರಿ ಬಾಯಾರ? ತಲ್ಯಾಗಿನ ಪಿನ್ ತಗದು ಬಾರೋ ತಮ್ಮಾ ಅಂದೆ.”

ಎಕ್ಸ್‌ರೇ ಖೋಲಿಯ ಸಾಯಬಣ್ಣ ಫಿಲ್ಮನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಸೊಲ್ಲಾಪುರದ ಹನ್ನೊಂದು ಗಂಟೆಯ ಬಿಸಿಲು ಅದರೊಳಗಿಂದ ಹಾದು ಬಂತು. ಹಲ್ಲಿನ ಸಾಲು, ಮೂಗಿನ ಗೂಡು, ಕಣ್ಣಿನ ತಗ್ಗು. ಎಲ್ಲಕ್ಕೂ ಮೇಲೆ, ನೆತ್ತಿಯ ಎಲುಬಿನ ಒಳಗಡೆ, ಎರಡು ಇಂಚಿನ ಒಂದು ಬಿಳಿ ಗೆರೆ.

ಮಂದಾಕಿನಿ ಮೂಗು ಗಾಜಿಗೆ ತಗಲುವಷ್ಟು ಹತ್ತಿರ ಹೋದಳು. ಗೆರೆಯ ಒಂದು ತುದಿ ಚೂಪು. ಇನ್ನೊಂದು ತುದಿಯಲ್ಲಿ ಎಳ್ಳಿಗಿಂತ ಸಣ್ಣ ತೂತು. ದಾರ ಪೋಣಿಸುವ ತೂತು.

“ಗಂಡಸಿನ ತಲ್ಯಾಗ ಪಿನ್ ಎಲ್ಲಿಂದ ಬರ್ತದೋ ಸಾಯಬಣ್ಣ?”

“ಈಗಿನ ಹುಡುಗೂರ ಕೂದಲಾ ನೋಡೀರೇನು? ನಿಮ್ಮ ಹೆರಳಿಗಿಂತ ಉದ್ದ ಇರ್ತಾವ. ಎರಡೂ ಕೈಲೆ ಅಂವನ ತಲಿ ತಿಕ್ಕಿ ನೋಡಿದೆ. ಏನೂ ಇಲ್ಲ. ಮತ್ತೊಂದು ತಗದೆ, ಬಾಜೂದಿಂದ. ಅದರಾಗೂ ಅದ.”

“ಬಂದಿದ್ದು ಯಾತಕ್ಕ?”

“ನೆಗಡಿಗ್ರಿ. ಮೂರು ತಿಂಗಳಾತಂತ, ಮೂಗು ಕಟ್ಟಿ ಗಲ್ಲ ನೋಯ್ತಿತ್ತಂತ. ಮೂಗಿನ ಫೋಟೋ ತಗಿ ಅಂತ ಡಾಕ್ಟರ್ ಚೀಟಿ ಬರದ್ರು. ತಗದ್ರ ಇದು ಬಂತು.”

ಮಂದಾಕಿನಿ ನವಿ ಪೇಠದ ವಕೀಲ ದಿಗಂಬರರಾಯರ ಹತ್ತಿರ ಟೈಪಿಸ್ಟ್. ಆದರೆ ಅವಳ ಮಷೀನಿನ ರಿಬ್ಬನ್ನಿಗಿಂತ ಚಪ್ಪಲಿ ಬೇಗ ಸವೆಯುತ್ತದೆ. ಕಕ್ಷಿದಾರ ಹೇಳಿದ್ದು ಖರೆಯೋ ಸುಳ್ಳೋ ಎಂದು ತಿರುಗಾಡಿ ನೋಡಿಕೊಂಡು ಬರುವುದೂ ಅವಳದೇ ಕೆಲಸ. ಈ ವಾರ ಆ ಮಷೀನಿನಲ್ಲಿ ಅರ್ಧ ಹೊಡೆದ ಒಂದು ಫಿರ್ಯಾದಿ ಕೂತಿದೆ. ನಾಗಣಸೂರಿನ ಶಿವಾನಂದ, ವಯಸ್ಸು ಇಪ್ಪತ್ನಾಲ್ಕು, ತಾನು ಕೂಸಿದ್ದಾಗ ತನ್ನ ನೆತ್ತಿಗೆ ಸೂಜಿ ಚುಚ್ಚಿ ಕೊಲ್ಲಲು ನೋಡಿದವಳು ತನ್ನ ಚಿಗವ್ವ ದ್ರೌಪದಿ ಎಂದು ಬರೆಸಿದ್ದಾನೆ.

ಒಳಗಿನಿಂದ ಡಾಕ್ಟರ್ ಬಂದರು. ಫಿಲ್ಮನ್ನು ನೋಡಲಿಲ್ಲ. ಅದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

“ಕೂಸಿನ ನೆತ್ತಿ ಮೆತ್ತಗಿರ್ತದಲ್ಲ, ಎಲುಬು ಕೂಡೂಕಿಂತ ಮೊದಲ ಹೋಗ್ಯದ. ಆಮ್ಯಾಲೆ ಎಲುಬು ಮುಚ್ಚಿಕೊಂಡದ. ಹೊರಗ ಗಾಯದ ಕಲೀನೂ ಇಲ್ಲ.”

“ತಗಿಯಾಕ ಬರೂದಿಲ್ಲೇನ್ರಿ?”

“ಮುಂಬೈಕ್ಕ ಟ್ರಂಕ್ ಕಾಲ್ ಮಾಡಿ ಕೇಳೀನಿ. ಇಪ್ಪತ್ನಾಕು ವರ್ಷ ಸುಮ್ಮನ ಕೂತದ, ಕೂಡ್ಲಿ ಬಿಡ್ರಿ ಅಂದ್ರು. ತಗಿಯಾಕ ಹೋದ್ರ ಅಲ್ಲೇ ಹೋಗ್ತಾನ.”

“ಹಂಗ ಬಿಟ್ರ?”

“ಎಂಬತ್ತು ವರ್ಷ ಬದಕಬಹುದು. ನಾಳೆ ಮೂರ್ಛೆ ಬರಬಹುದು. ನನಗ ಗೊತ್ತಿಲ್ಲ ಮಂದಾಕಿನಿ. ಗೊತ್ತದ ಅಂದಾಂವ ಸುಳ್ಳ ಹೇಳ್ತಾನ.” ಡಾಕ್ಟರ್ ಕೈ ತೊಳೆಯಲು ಹೋದರು. ಅಲ್ಲಿಂದಲೇ ಹೇಳಿದರು: “ನೆಗಡಿ ಮಾತ್ರ ಕಡಿಮಿ ಆಗ್ಯದ ನೋಡು.”



ಮಂದಾಕಿನಿ ಮೆಟ್ಟಿಲು ಇಳಿಯುವಾಗ ಸಾಯಬಣ್ಣ ಹಿಂದೆಯೇ ಬಂದ. ಹೇಳಲೋ ಬೇಡವೋ ಎಂಬ ಮುಖ.

“ಬಾಯಾರ, ಅವನಪ್ಪ ಕಲ್ಯಾಣಪ್ಪನೋರು ಬಂದಿದ್ರಲ್ಲ ಆವತ್ತ. ಪಟಗಾ ಸುತ್ತಿದ ಎತ್ತರ ಮನಷ್ಯಾ. ಎಲ್ಲಾರೂ ಇದು ಹೆಂಗ ಹೋತು, ಯಾವಾಗ ಹೋತು ಅಂತ ಕೇಳಾಕತ್ತಿದ್ರು. ಅವ್ರು ಅದನ್ನ ಕೇಳಲೇ ಇಲ್ಲ. ಇದು ಯಾರ ತಲಿ ಅಂದ್ರು.”

“ನೀ ಏನಂದಿ?”

“ನಿಮ್ಮ ಮಗಂದು ಅಂದೆ. ಹೊಳ್ಳಿ ಕೇಳಿದ್ರು. ಮಗಂದೇರಿ ಅಂದೆ. ಮೂರನೇ ಸಲ ಏನಂದ್ರು ಗೊತ್ತೇನು? ಹೆಣ್ಣಮಗಳದು ಬದಲಾಗಿ ಬಂದಿಲ್ಲಲ್ಲ ತಮ್ಮಾ, ಅಂದ್ರು.”

“ಆವತ್ತ ಹೆಣ್ಣಮಕ್ಕಳ ತಲಿ ಫೋಟೋ ತಗದಿದ್ದೇನು?”

“ಒಂದೂ ಇಲ್ರಿ. ಎರಡು ಎದಿ, ಒಂದು ಮೊಣಕಾಲು, ಎಲ್ಲಾ ಗಂಡಸ್ರದ.”

ತನ್ನ ಮಗನ ತಲೆಯಲ್ಲಿ ಸೂಜಿ ಕಂಡ ಯಾವ ಅಪ್ಪನಾದರೂ ಅದು ಇನ್ನೊಬ್ಬರದಾಗಿರಲಿ ಎಂದು ಬಯಸುತ್ತಾನೆ. ಮಂದಾಕಿನಿ ಹಾಗೆಂದುಕೊಂಡು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ ಆ ಮಾತು ಮತ್ತೆ ನೆನಪಾಯಿತು. ಇನ್ನೊಬ್ಬರದು ಎನ್ನಲಿಲ್ಲ ಅವರು. ಹೆಣ್ಣುಮಗಳದು ಎಂದರು.

*

ನವಿ ಪೇಠದ ಹಿಂದಿನ ಓಣಿಯಲ್ಲಿ ಲೀಲಾಬಾಯಿಯ ಖಾನಾವಳಿ. ಶಿವಾನಂದ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬೆನ್ನ ಹಿಂದೆ ಯಾರೂ ಇರಬಾರದು ಎನ್ನುವವನಂತೆ.

“ಒಂಬತ್ತ ದಿನ ಆತು ಬಾಯಾರ, ಎರಡೂ ಹೊತ್ತು ಇಲ್ಲೇ,” ಎಂದಳು ಲೀಲಾಬಾಯಿ, ಝುಣಕ ಬಡಿಸುತ್ತ. “ಹತ್ತಿಪ್ಪತ್ತು ಎಕರೆ ಹೊಲ ಇದ್ದಾಂವ. ನನ್ನ ರೊಟ್ಟಿ ಅಷ್ಟ ರುಚಿ ಅವ ಅಂದ್ರ ನಾನೂ ನಂಬೂದಿಲ್ಲ.”

“ರುಚಿ ಇಲ್ಲ ಲೀಲಾಬಾಯಿ,” ಎಂದ ಶಿವಾನಂದ. “ಹೆದರಿಕಿ ಇಲ್ಲ, ಅಷ್ಟ.”

ಅವಳು ಹೋದ ಮೇಲೆ ಅವನು ದನಿ ತಗ್ಗಿಸಿದ. “ಬಾಯಾರ, ನನಗ ಮನಿಗೆ ಹೋಗಬೇಕಾಗ್ಯದ. ಆದ್ರ ಆ ಒಲಿ ಮುಂದ ಕೂಡಾಕ ಆಗವಲ್ದು. ತಾಟಿನ್ಯಾಗ ಕೈ ಇಟ್ರ, ಇದನ್ನ ಮಾಡಿದ ಕೈ ಅದನ್ನೂ ಮಾಡಿತ್ತು ಅನಸ್ತದ.”

“ಚಿಗವ್ವನ ಮಾಡ್ಯಾಳಂತ ಹೆಂಗ ಹೇಳ್ತಿ?”

“ಇನ್ಯಾರದಾರ್ರಿ? ನಾನೂ ತಂಗಿ ಮುಕ್ತಾನೂ ಹುಟ್ಟಿದ್ದು ಅಕ್ಕಲಕೋಟದಾಗ, ಅಜ್ಜಿ ಮನ್ಯಾಗ. ನಾವು ಅವಳಿ-ಜವಳಿ ಮಕ್ಕಳು. ಅಜ್ಜಿ ಸತ್ತಾಳ. ಅವ್ವ ಸತ್ತಾಳ. ಸೂಲಗಿತ್ತಿ ಸತ್ತಾಳ. ಆ ಮನ್ಯಾಗ ಇದ್ದು ಉಳದಾಕಿ ಚಿಗವ್ವ ಒಬ್ಬಾಕಿನ. ಆಕಿ ಬರೇ ಚಿಗವ್ವ ಅಲ್ಲ, ನಮ್ಮವ್ವನ ಖಾಸ ತಂಗಿ. ಅಕ್ಕ-ತಂಗಿ ಇಬ್ರನ್ನೂ ಅಣ್ಣ-ತಮ್ಮಗ ಕೊಟ್ಟಿದ್ರು. ಆಕಿ ಮಗ ಶಾಂತಪ್ಪಗ ಆಗ ಒಂದು ವರ್ಷ. ನಾ ಸತ್ತಿದ್ರ ಹೊಲ ಎಲ್ಲಾ ಅವಂದ.”

“ಅವ್ವ ಸತ್ತ ಮ್ಯಾಲೆ ಸಾಕಿದಾಕಿ ಯಾರು?”

ಅವನು ರೊಟ್ಟಿ ಮುರಿದ. ಬಾಯಿಗೆ ಇಡಲಿಲ್ಲ.

“ಅದನ್ನ ಕೇಳಬ್ಯಾಡ್ರಿ. ನಾ ಜ್ವರಾ ಬಂದು ಮಲಗಿದ್ರ ಆಕಿ ಕಾಲಾಗ ಕುಂತಿರತಿದ್ಲು. ಈಗ ಅನಸ್ತದ, ಯಾವಾಗ ಸಾಯ್ತೀನಂತ ನೋಡಾಕ ಕುಂತಿದ್ಲೇನೋ.”

ಮಾತಾಡುವಾಗ ಮೂಗು ಒರೆಸಿಕೊಂಡ. ಆಗ ಮಂದಾಕಿನಿಗೆ ಅದು ಕಂಡಿತು. ಬಲಗಡೆಯ ಹೊಳ್ಳೆಯ ಮೇಲೆ ಸಾಸಿವೆಯಷ್ಟು ಒಂದು ಗುಳಿ.

“ಇದೇನು?”

“ಸಿಡುಬಿನ ಕಲಿ ಇರಬೇಕ್ರಿ. ಹುಟ್ಟಿದಾಗಿಂದ ಅದ.”

ಸಿಡುಬು ಮುಖದ ಮೇಲೆ ಒಂದೇ ಒಂದು ಕಲೆ ಬಿಟ್ಟು, ಅದೂ ಮೂಗುಬೊಟ್ಟಿನ ಜಾಗ ಹುಡುಕಿಕೊಂಡು ಬಿಟ್ಟು ಹೋಗುವುದಿಲ್ಲ.

“ಅಪ್ಪ ಏನಂತಾರ?”

“ಅಪ್ಪ ಮಾತಾಡವಲ್ಲ. ದಿನಾ ಹೊಲಕ್ಕ ಹೋಗಿ ಬಾವಿ ಕಟ್ಟಿ ಮ್ಯಾಗ ಕೂಡ್ತಾನಂತ. ಪಾಪ, ನಾ ಸಾಯ್ತೀನಂತ ಹೆದರ್ಯಾನ.” ಅವನ ಮುಖ ಮೊದಲ ಸಲ ಮೆತ್ತಗಾಯಿತು. “ಸಾಲಿಗೆ ಹೋಗೂವಾಗ ಹಳ್ಳಾ ಬಂದ್ರ ಹೆಗಲ ಮ್ಯಾಲೆ ಹೊತ್ತು ದಾಟಸ್ತಿದ್ದ. ಹತ್ತು ವರ್ಷದವ ಆಗೂತನಕ. ಹುಡುಗೂರು ನಗತಿದ್ರು. ನಗಲಿ ಬಿಡು ಅಂತಿದ್ದ. ಆ ಮನ್ಯಾಗ ನನಗಂತ ಉಳದಾಂವ ಅವನೊಬ್ಬನ ಬಾಯಾರ.”

“ನಾಳೆ ಸಂಜೀತನಕ ತಡಿ. ನಾ ನಾಗಣಸೂರಿಗೆ ಹೋಗಿ ಬರ್ತೀನಿ.”

“ಹೂಂ,” ಎಂದ. ಅಷ್ಟು ಬೇಗ ಒಪ್ಪಿದ್ದೇ ಅವಳಿಗೆ ಸರಿ ಕಾಣಲಿಲ್ಲ.

*

ಮರುದಿನ ಬೆಳಗಿನ ಎಸ್‌ಟಿ ಬಸ್ಸು ಅಕ್ಕಲಕೋಟದಲ್ಲಿ ಅರ್ಧ ಖಾಲಿಯಾಗಿ, ಸ್ವಾಮಿಯ ದರ್ಶನಕ್ಕೆ ಬಂದವರನ್ನೆಲ್ಲ ಇಳಿಸಿ, ಹಗುರಾಗಿ ನಾಗಣಸೂರ ತಲುಪಿತು. ಕಲ್ಯಾಣಪ್ಪನ ಮನೆಯ ಅಂಗಳದಲ್ಲಿ ದ್ರೌಪದಿ ಒಳ್ಳದಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಗಂಡ ಭೀಮಣ್ಣ ಸತ್ತು ಎಂಟು ವರ್ಷ. ಗಟ್ಟಿ ತೋಳು, ಬರಿ ಹಣೆ.

“ಬರ್ರಿ ಬಾಯಾರ. ಫಿರ್ಯಾದಿ ಬರಿಯಾಕಿ ನೀವ ಅಲ್ಲೇನು? ಮುಕ್ತಾ, ಚಾಪಿ ಹಾಸ.”

“ಯಾರು ಹೇಳಿದ್ರು?”

“ಊರಾಗ ಯಾರು ಹೇಳಿಲ್ಲ ಅಂತ ಕೇಳ್ರಿ. ನನ್ನ ಮಗ ಶಾಂತ್ಯಾ ಮಾರಿ ತೋರಸಾಕ ಆಗದ ದುಧನಿ ಸಂತಿಗೆ ಹೋಗ್ಯಾನ.” ಒನಕೆ ಎದ್ದು ಬಿತ್ತು. “ಅಂವ ಎಲ್ಲಿ ಉಣ್ಣಾಕತ್ತಾನ?”

“ಖಾನಾವಳ್ಯಾಗ.”

“ಮಜ್ಜಿಗಿ ಕೊಡ್ತಾರೇನು ಅಲ್ಲಿ? ಮಜ್ಜಿಗಿ ಇಲ್ಲಂದ್ರ ಅವಗ ಹೊಟ್ಟಿ ಉರಿ.”

ತನ್ನನ್ನು ಜೈಲಿಗೆ ಕಳಿಸಲು ಹೊರಟವನ ಹೊಟ್ಟೆಯ ಉರಿ.

ಮುಕ್ತಾ ಚಾಪೆ ಹಾಸಿ ಪಕ್ಕದಲ್ಲೇ ಕೂತಳು. ಅಣ್ಣನದೇ ಗಲ್ಲ, ಅಣ್ಣನದೇ ಹುಬ್ಬು. ಎಡ ಮೂಗಿನಲ್ಲಿ ಹರಳಿನ ಮೂಗುಬೊಟ್ಟು. ಕೊರಳಲ್ಲಿ ತಾಳಿ ಇಲ್ಲ.

“ಅಕ್ಕಾರ, ನೀವೂ ಲಗ್ನಾ ಆಗಿಲ್ಲಂತ? ಹಂಗಾದ್ರ ನಾವಿಬ್ರೂ ಒಂದ ಪಾರ್ಟಿ.”

“ನಂದು ವರದಕ್ಷಿಣಿ ಕಥಿ. ನಿಂದೇನು?”

“ನಂದು ತಲೀದು. ನಾಲ್ಕು ಸಂಬಂಧ ಬಂದಿದ್ವು. ನಾಲ್ಕನೇದಾಂವ ಮಾಸ್ತರ್ರಿ, ಕನ್ನಡಕ ಹಾಕ್ಕೊಂಡು ಚಲೋ ಕಾಣ್ತಿದ್ದ. ಅಪ್ಪ ಎಲ್ಲಾರ್ನೂ ವಾಪಸ್ ಕಳಿಸಿದ. ಆಕಿ ತಲಿ ನಾಜೂಕ ಅಂತ.”

“ತಲಿ ಬ್ಯಾನಿ ಅದೇನು ನಿನಗ?”

“ನನಗ ಏನೂ ಇಲ್ರಿ. ಒಂದು ಕೊಡಾ ತಲಿ ಮ್ಯಾಗ ಹೊರಸಿಲ್ಲ ಇಲ್ಲೀತನಕ. ಸಣ್ಣಾಕಿದ್ದಾಗ ಜಾರಿ ಬಿದ್ರ, ಮೊಣಕಾಲ ರಕ್ತ ನೋಡೂದು ಬಿಟ್ಟು ತಲಿ ಮುಟ್ಟಿ ಮುಟ್ಟಿ ನೋಡತಿದ್ದ. ಎಲ್ಲಾ ಅಪ್ಪಗಳಿಗೂ ಮಗನ ಮ್ಯಾಲೆ ಜೀವಾ ಇದ್ರ, ನಮ್ಮಪ್ಪಗ ನನ್ನ ತಲಿ ಮ್ಯಾಲೆ.”

ಅವಳು ನಕ್ಕಳು. ದ್ರೌಪದಿ ನಗಲಿಲ್ಲ.

“ದ್ರೌಪದಿಬಾಯಿ,” ಎಂದಳು ಮಂದಾಕಿನಿ, “ಶಿವಾನಂದನ ಬಲ ಮೂಗು ಚುಚ್ಚಿದ್ದು ಯಾರು?”

“ನಾನ. ಹುಟ್ಟಿದ ಐದನೇ ದಿನಕ್ಕ.” ಅವಳು ಮುಚ್ಚಿಡಲಿಲ್ಲ. “ಅವನಕಿಂತ ಮೊದಲ ನಮ್ಮಕ್ಕಗ ಮೂರು ಗಂಡಮಕ್ಕಳು ಹುಟ್ಟಿ, ಮೂರೂ ಮೂರು ತಿಂಗಳ ದಾಟಲಿಲ್ಲ. ಹಂಗಾದ ಮನ್ಯಾಗ ಮುಂದ ಗಂಡ ಹುಟ್ಟಿದ್ರ ಹೆಣ್ಣಂತ ತೋರಸ್ತಾರ. ಯಾವ ಕಣ್ಣು ತಗೊಂಡು ಹೋಗ್ತದೋ, ಆ ಕಣ್ಣಿಗೆ ಮೋಸಾ ಆಗಲಿ ಅಂತ. ಮೂಗಿನ್ಯಾಗ ಬಂಗಾರದ ತಂತಿ ಹಾಕಿ, ಹಸರ ಬಳಿ ತೊಡಿಸಿ ಮಲಗಸ್ತಿದ್ವಿ.”

“ನನಗ ಏನ್ ತೊಡಿಸಿದ್ರು ಕೇಳ್ರಿ,” ಎಂದಳು ಮುಕ್ತಾ. “ಗಂಡುಡುಗೂರ ಜರದ ಟೊಪಗಿ, ಕರಿ ಉಡದಾರ. ಮೂರು ತಿಂಗಳು ನಾನ ಈ ಮನಿ ವಾರಸದಾರ ಇದ್ದೆ.”

“ಯಾರ್ಯಾರಿಗೆ ಗೊತ್ತಿತ್ತು ಇದು?”

“ನನಗ, ಅಕ್ಕಗ, ಅವ್ವಗ, ಸೂಲಗಿತ್ತಿಗೆ.”

“ಗಂಡಸ್ರಿಗೆ?”

ಒನಕೆ ನಿಂತಿತು.

ದ್ರೌಪದಿ ಒಳ್ಳದೊಳಗೆ ನೋಡುತ್ತ ಕೂತಳು. ಚಟ್ನಿ ಆಗಲೇ ನುಣ್ಣಗಾಗಿತ್ತು. “ಗಂಡಸ್ರಿಗೆ ಹೇಳಂಗಿಲ್ರಿ. ಹೇಳಿದ್ರ ಮೋಸಾ ಒಡೀತದ. ಮೂರು ತಿಂಗಳ ಆದ ಮ್ಯಾಲೆ ತಂತಿ ತಗದು, ಅರಿವಿ ಬದಲಾಯಿಸಿ ಈ ಊರಿಗೆ ತಂದ್ವಿ. ಆಮ್ಯಾಲೂ ಹೇಳ್ಲಿಲ್ಲ.” ಒನಕೆಯನ್ನು ಗೋಡೆಗೆ ಆನಿಸಿದಳು. “ಮುಕ್ತಾ, ಅಪ್ಪಗ ಬುತ್ತಿ ಕಟ್ಟು ಹೋಗು. ಬಾಯಾರಿಗೆ ಚಾ ಮಾಡು.”

ಮುಕ್ತಾ ಒಳಗೆ ಹೋದಳು. ಮಂದಾಕಿನಿ ದ್ರೌಪದಿಯನ್ನು ನೋಡಿದಳು. ದ್ರೌಪದಿ ನೋಡಲಿಲ್ಲ.

ತೊಟ್ಟಿಲ ಹತ್ತಿರ ಹೋದ ಗಂಡಸಿಗೆ ಮೂಗಿನಲ್ಲಿ ತಂತಿ ಇದ್ದದ್ದು ಹೆಣ್ಣು. ಟೊಪ್ಪಿಗೆ ಇದ್ದದ್ದು ಗಂಡು. ಆಮೇಲೆ ಬೆಳೆದ ಮಗಳ ತಲೆಯನ್ನು ಗಾಜಿನಂತೆ ಕಾಯ್ದ ಒಬ್ಬ ಗಂಡಸು. ಎಕ್ಸ್‌ರೇ ಖೋಲಿಯಲ್ಲಿ, ಹೆಣ್ಣುಮಗಳದು ಬದಲಾಗಿ ಬಂದಿಲ್ಲಲ್ಲ ಎಂದು ಕೇಳಿದ ಒಬ್ಬ ಗಂಡಸು.

ಚಹಾ ಬಂತು. ಮಂದಾಕಿನಿಗೆ ಕುಡಿಯಲಾಗಲಿಲ್ಲ. ಕಪ್ಪನ್ನು ಚಾಪೆಯ ಅಂಚಿಗೆ ಇಟ್ಟು ಹೊಲದ ದಾರಿ ಕೇಳಿದಳು.

*

ಕಲ್ಯಾಣಪ್ಪ ಬಾವಿಯ ಪಕ್ಕದ ಮೋಟಾರು ಮನೆಯ ಕಟ್ಟೆಯ ಮೇಲೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಸುತ್ತ ಕುಯ್ಲಾದ ಜೋಳದ ಹೊಲ. ಕೈಯಲ್ಲಿ ಹಾವು ಹಿಡಿದು ಬಂದವರನ್ನು ನೋಡುವಂತೆ ಅವಳನ್ನು ನೋಡಿ, ಪಟಗಾ ಸರಿ ಮಾಡಿಕೊಂಡರು.

“ಕೂಡ್ರಿ ಬಾಯಾರ. ಏನ್ ಕೇಳಾಕ ಬಂದೀರಿ?”

“ಕೇಳಾಕ ಅಲ್ರಿ ಯಜಮಾನ್ರ. ಒಂದ ಮಾತು ಹೇಳಾಕ ಬಂದೀನಿ.”

“ಹೇಳ್ರಿ.”

“ಅಕ್ಕಲಕೋಟದಾಗ ಕೂಸುಗಳು ತೊಟ್ಟಲದಾಗಿದ್ದಾಗ, ಮೂಗಿನ್ಯಾಗ ಬಂಗಾರದ ತಂತಿ ಇದ್ದದ್ದು ಶಿವಾನಂದಗ.”

ಹಗ್ಗ ಹೊಸೆಯುವ ಕೈ ಮುಂದೆ ಸರಿಯಿತು, ನಿಂತಿತು.

“ಯಾರಿಗೆ?”

“ಶಿವಾನಂದಗ. ದೃಷ್ಟಿ ಆಗಬಾರದಂತ ಹೆಣ್ಣಿನ ವೇಷ ಹಾಕಿದ್ರು. ಟೊಪಗಿ ಹಾಕ್ಕೊಂಡಿದ್ದು ಮುಕ್ತಾ.”

“ತಂತಿ ಹುಡುಗಗ?”

“ಹೂಂ.”

“ಹುಡುಗಿಗಲ್ಲ?”

“ಅಲ್ಲ.”

ಕಲ್ಯಾಣಪ್ಪ ಹಗ್ಗವನ್ನು ಕೆಳಗಿಟ್ಟರು. ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡು ನೋಡಿದರು. ಒಂದು ನಾಯಿ ಬಾವಿಯ ತನಕ ಬಂದು, ನೀರು ಕುಡಿದು, ಹೋಯಿತು.

“ನನಗ ಯಾರೂ ಹೇಳ್ಲಿಲ್ಲ,” ಎಂದರು.

ಮಂದಾಕಿನಿ ಕಟ್ಟೆಯ ಇನ್ನೊಂದು ತುದಿಗೆ ಕೂತಳು.

“ಒಬ್ರರೆ ಹೇಳಬೇಕಿಲ್ಲೇನ್ರಿ. ಇಷ್ಟ ಮಂದಿ ಇದ್ರು ಮನ್ಯಾಗ. ನಾ ಅಪ್ಪ ಅಲ್ಲೇನು.” ದನಿ ಏರಲಿಲ್ಲ. “ಒಂಬತ್ತ ದಿನ ಇಲ್ಲೇ ಕುಂತು ವಿಚಾರ ಮಾಡೀನಿ, ಆಕಿ ತಲ್ಯಾಗಿಂದು ಇವನ ತಲಿಗೆ ಹೆಂಗ ಹೋತು ಅಂತ. ಸ್ವಾಮಿ ಮುಂದ ಹೋಗಿ ಕುಂತೆ. ನೀನ ಬದಲ ಮಾಡಿದಿ ಏನಪಾ, ನನಗ ಶಿಕ್ಷಾ ಆಗಲಿ ಅಂತ, ಅಂದೆ.”

“ಯಾಕ ಮಾಡಿದ್ರಿ?”

ಅವರು ಹೊಲದ ಕಡೆ ತಿರುಗಿದರು.

“ಮೂರು ಗಂಡು ಮಣ್ಣ ಮಾಡಿದ್ದೆ ಬಾಯಾರ, ಈ ಕೈಲೆ. ಹನ್ನೆರಡನೇ ದಿನಕ್ಕ ಕೂಸು ನೋಡಾಕ ಹೋದೆ. ನನ್ನ ಹೆಂಡ್ತಿ ಲಕ್ಷ್ಮೀಬಾಯಿ ಎಲುಬಾಗಿದ್ಲು. ಎರಡೂ ಅಳತಿದ್ವು. ಹಾಲು ಒಂದಕ್ಕ ಸಾಲೂದು ಕಷ್ಟ ಅಂತ ಸೂಲಗಿತ್ತಿ ಅಂದ್ಲು. ಎಲ್ಲಾರೂ ಊಟಕ್ಕ ಒಳಗ ಹೋದ್ರು. ಕೌದಿ ಹೊಲೀತಿದ್ರು, ಸೂಜಿ ಅದಕ್ಕ ಚುಚ್ಚಿಟ್ಟಿದ್ರು. ಗಂಡು ಉಳೀಲಿ ಅಂದೆ. ಅಷ್ಟ.”

ಒಣಗಿದ ತುಟಿ ನೆಕ್ಕಿದರು.

“ಅಳಲಿಲ್ರಿ ಅದು. ಕಣ್ಣು ತಗದು ನನ್ನ ಮಾರಿ ನೋಡ್ತು. ಆಮ್ಯಾಲೆ ಮೂರು ದಿನ ಜ್ವರಾ ಅಂತ ಸುದ್ದಿ ಬಂತು, ಯಾವ ಕೂಸಿಗೆ ಅಂತ ನಾ ಕೇಳ್ಲಿಲ್ಲ. ಎರಡೂ ಉಳದ್ವು. ಹಾಲು ಎರಡಕ್ಕೂ ಸಾಲ್ತು. ಆವತ್ತಿನಿಂದ ಮುಕ್ತಾ ಇವತ್ತ ಸಾಯ್ತಾಳ, ನಾಳೆ ಸಾಯ್ತಾಳ ಅಂತ ಕಾದೀನಿ. ಕೊಟ್ಟ ಮನ್ಯಾಗ ಸತ್ರ? ಹಡಿಯೂವಾಗ ಸತ್ರ? ಅದಕ್ಕ ಕೊಡಲಿಲ್ಲ. ಇಪ್ಪತ್ನಾಕು ವರ್ಷ, ಬಾಯಾರ. ಏನೂ ಇಲ್ಲದ ತಲಿ ಕಾದೀನಿ. ಇದ್ದ ತಲಿನ ಬಿಸಲಾಗ ಹೊಲಕ್ಕ ಕಳಿಸೀನಿ, ಕುಸ್ತಿ ಆಡು ಅಂದೀನಿ.”

ಮಂದಾಕಿನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಈ ಮನುಷ್ಯನನ್ನು ಬಯ್ದರೆ ಸೂಜಿ ಹೊರಗೆ ಬರುವುದಿಲ್ಲ. ಜೈಲಿಗೆ ಹಾಕಿದರೂ ಬರುವುದಿಲ್ಲ.

“ಅಂವ ದ್ರೌಪದಿಬಾಯಿ ಮ್ಯಾಲೆ ಫಿರ್ಯಾದಿ ಮಾಡ್ತಾನ. ಅದು ನಿಮಗ ಗೊತ್ತದ.”

“ಗೊತ್ತದ.”

“ನಾ ಇವತ್ತ ಸಂಜಿಗೆ ಅಂವಗ ಎಲ್ಲಾ ಹೇಳಬೇಕು.”

“ನೀವು ಹೇಳಬ್ಯಾಡ್ರಿ.” ಅವರು ಕೈ ಮುಗಿದರು. ಆ ದೊಡ್ಡ ಕೈಗಳು ಕೂಡುವಾಗ ಸದ್ದಾಗಲಿಲ್ಲ. “ನಾ ಹೇಳ್ತೀನಿ. ಅಂವನ್ನ ಕರಸಿ, ಎದುರು ಕುಂಡರಸಿಕೊಂಡು, ನನ್ನ ಬಾಯಲೆ ಹೇಳ್ತೀನಿ. ದ್ರೌಪದಿದು ಏನೂ ತಪ್ಪಿಲ್ಲಂತನೂ ಹೇಳ್ತೀನಿ. ಸಂಜೀತನಕ ಮಾತು ಕೊಡ್ರಿ.”

ಅವಳು ಕೊಟ್ಟಳು. ಕೊಡುವುದೇ ಸರಿ ಎನ್ನಿಸಿತು ಆಗ.

ಇಬ್ಬರೂ ಎದ್ದು ಹೊರಟರು. ಮೋಟಾರು ಮನೆಯ ಮೂಲೆ ತಿರುಗಿದಾಗ, ಗೋಡೆಯ ಹಿಂದೆ, ನೆರಳಿನಲ್ಲಿ, ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ ನೆಲದ ಮೇಲೆ ಇತ್ತು. ಮಂದಾಕಿನಿ ಮುಟ್ಟಿ ನೋಡಿದಳು. ರೊಟ್ಟಿ ಇನ್ನೂ ಬೆಚ್ಚಗಿತ್ತು. ತಂದವರು ಎಲ್ಲೂ ಕಾಣಲಿಲ್ಲ.

ಕಲ್ಯಾಣಪ್ಪ ಅದನ್ನು ನೋಡದೆ ಮುಂದೆ ಹೋಗಿದ್ದರು.

*

ಮನೆಯ ಮುಂದೆ ಪೊಲೀಸ್ ಜೀಪು ನಿಂತಿತ್ತು.

ಶಿವಾನಂದ ಸಂಜೆಯವರೆಗೆ ತಡೆದಿರಲಿಲ್ಲ. ವಕೀಲರ ಟೈಪಿಗೂ ಕಾಯದೆ, ಬೆಳಿಗ್ಗೆ ನೇರ ಅಕ್ಕಲಕೋಟದ ಠಾಣೆಗೆ ಹೋಗಿ, ಫಿಲ್ಮನ್ನು ಫೌಜದಾರನ ಮೇಜಿನ ಮೇಲೆ ಇಟ್ಟು, ಕೈಬರಹದ ಅರ್ಜಿ ಕೊಟ್ಟು, ಅವರ ಜೀಪಿನಲ್ಲೇ ಬಂದಿದ್ದ. ಅಂಗಳದಲ್ಲಿ ಅರ್ಧ ಊರು. ಫೌಜದಾರ ಹೊರಸಿನ ಮೇಲೆ. ದ್ರೌಪದಿ ಒಳ್ಳದ ಪಕ್ಕ ನಿಂತಿದ್ದಳು.

“ಸಿಟ್ಟಾಗಬ್ಯಾಡ್ರಿ ಬಾಯಾರ,” ಎಂದ ಶಿವಾನಂದ. “ಇನ್ನೊಂದು ದಿನಾ ನನ್ನ ಕೈಲಿ ಆಗತಿದ್ದಿಲ್ಲ.”

“ಶಿವಾನಂದ, ಮೊದಲ ನಿಮ್ಮಪ್ಪನ ಮಾತು ಕೇಳು.”

“ಅಪ್ಪಂದು ಏನದ ಇದರಾಗ?”

ಫೌಜದಾರ ಗಂಟಲು ಸರಿ ಮಾಡಿಕೊಂಡ. ಮರಾಠಿ ಮನುಷ್ಯ, ಕನ್ನಡ ತುಂಡು ತುಂಡು. “ಬರಂ. ಬಾಯಿ, ಹುಡುಗ ನಿಮ್ಮ ಹೆಸರು ಹೇಳ್ತಾನ. ಇಪ್ಪತ್ನಾಕು ವರ್ಷದ ಹಿಂದಿನ ಗೋಷ್ಟ. ನನಗೂ ನಂಬಿಕಿ ಇಲ್ಲ. ಇಲ್ಲ ಅಂದ್ರ ಇಲ್ಲ ಅಂತ ಜಬಾಬು ಕೊಡ್ರಿ, ಬರಕೊಂಡು ಹೋಗ್ತೇನ.”

ಇಲ್ಲ ಎಂದರೆ ಮುಗಿಯುತ್ತಿತ್ತು. ಮಂದಾಕಿನಿ ಉಸಿರು ಬಿಟ್ಟಳು.

ದ್ರೌಪದಿ ಮೊದಲು ಶಿವಾನಂದನನ್ನು ನೋಡಿದಳು. ಆಮೇಲೆ ಬಾಗಿಲ ಹತ್ತಿರ ಕಂಬ ಹಿಡಿದು ನಿಂತ ಕಲ್ಯಾಣಪ್ಪನನ್ನು. ಕಲ್ಯಾಣಪ್ಪನ ಬಾಯಿ ತೆರೆದಿತ್ತು. ಮಾತು ಇನ್ನೂ ಬಂದಿರಲಿಲ್ಲ.

“ನಾನ ಮಾಡೀನ್ರಿ,” ಎಂದಳು ದ್ರೌಪದಿ.

ಫೌಜದಾರ ಹೊರಸಿನಿಂದ ಎದ್ದ.

“ಕೌದಿ ಹೊಲಿಯೂ ಸೂಜಿ. ಹನ್ನೆರಡನೇ ದಿನ, ಊಟದ ಹೊತ್ತಿನ್ಯಾಗ.” ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಎಳೆಗೂಸಿನ ತಲೆಗೆ ಕಟ್ಟುವ ಒಂದು ಸಣ್ಣ ಕುಂಚಿಗೆ. ಬಣ್ಣ ಹಾರಿದ ಹಸಿರು ಖಣ. ನೆತ್ತಿಯ ಜಾಗದಲ್ಲಿ ಕಡಲೆಯಷ್ಟು ಕಂದು ಕಲೆ. “ಇದು ಅವಂದು. ತೊಳದಿಲ್ಲ.”

ಮಂದಾಕಿನಿ ಕಲ್ಯಾಣಪ್ಪನ ಮುಖ ನೋಡಿದಳು. ಅವರು ಕುಂಚಿಗೆಯನ್ನು ನೋಡುತ್ತಿದ್ದರು. ಇಪ್ಪತ್ನಾಲ್ಕು ವರ್ಷದಿಂದ ದಿನಾ ತಮಗೆ ರೊಟ್ಟಿ ಬಡಿಸಿದವಳಿಗೆ ಎಲ್ಲವೂ ಗೊತ್ತಿತ್ತು ಎಂಬುದು ಆ ಮುಖದೊಳಗೆ ನಿಧಾನವಾಗಿ ಇಳಿಯುತ್ತಿತ್ತು.

“ಸಾಹೇಬ್ರ, ಇದು ಖರೆ ಅಲ್ಲ,” ಎಂದಳು ಮಂದಾಕಿನಿ. “ಆಕಿ ಮಾಡಿಲ್ಲ.”

“ಪುರಾವಾ?”

ಇರಲಿಲ್ಲ. ಇದ್ದ ಪುರಾವೆ ಕಂಬ ಹಿಡಿದು ನಿಂತಿತ್ತು. “ಯಜಮಾನ್ರ,” ಎಂದಳು ಅವಳು. ಬೇರೆ ಏನನ್ನೂ ಹೇಳಲು ಮಾತು ಕೊಟ್ಟ ಬಾಯಿಗೆ ಬರಲಿಲ್ಲ. “ಯಜಮಾನ್ರ, ಹೇಳ್ರಿ.”

ದ್ರೌಪದಿ ಅವಳ ತೋಳು ಹಿಡಿದಳು. ಬಿಗಿಯಾಗಿ. ಅವಳಿಗೆ ಮಾತ್ರ ಕೇಳುವಂತೆ ಹೇಳಿದಳು: “ಅವಗ ಚಿಗವ್ವ ಇಲ್ಲಂದ್ರ ನಡೀತದ. ಅಪ್ಪ ಇಲ್ಲಂದ್ರ ನಡಿಯೂದಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ಮನಿರ್ರಿ.”

ಪೊಲೀಸನೊಬ್ಬ ಮಂಡಿಯ ಮೇಲೆ ಹಲಗೆ ಇಟ್ಟು ಬರೆದು ಮುಗಿಸಿದ. ಫೌಜದಾರ ಕಾಗದವನ್ನು ಕಲ್ಯಾಣಪ್ಪನ ಮುಂದೆ ಹಿಡಿದ. “ಮನಿ ಹಿರ್ಯಾರು ನೀವು. ಈ ಬಾಯಿ ನಿಮ್ಮ ಸಮಕ್ಷಮ ಕಬೂಲ್ ಮಾಡ್ಯಾಳ ಅಂತ ಒಂದು ಸಹಿ.”

“ಮಾಡಪ್ಪಾ,” ಎಂದ ಶಿವಾನಂದ. ಅವನು ಅಳುತ್ತಿದ್ದ. “ಮುಗಿಸಿಬಿಡು.”

ಕಲ್ಯಾಣಪ್ಪ ಮಗನನ್ನು ನೋಡಿದರು. ಪೆನ್ನು ತೆಗೆದುಕೊಂಡರು. ಸಹಿ ಮಾಡಿದರು. ತಮ್ಮ ಹೆಸರು, ಅಪ್ಪನ ಹೆಸರು, ಊರು, ಎಲ್ಲ ಸಮೇತ, ಸಾಲಿ ಹುಡುಗನಂತೆ ದುಂಡಗೆ.

ದ್ರೌಪದಿ ಸೆರಗು ಹೊದ್ದುಕೊಂಡು ಜೀಪಿನ ಕಡೆ ನಡೆದಳು. ನಡುವೆ ತಿರುಗಿ, “ಒಳ್ಳದಾಗಿನ ಚಟ್ನಿ ಡಬ್ಬ್ಯಾಗ ತುಂಬಿಡ್ರಿ, ಮೆತ್ತಗಾಗ್ತದ,” ಎಂದಳು. ಜೀಪು ಹೊರಟಿತು. ಜನ ಕರಗಿದರು. ಸಂಜೆ ಇನ್ನೂ ದೂರವಿತ್ತು.

ಶಿವಾನಂದ ಹಿತ್ತಲಲ್ಲಿ ಮುಖ ತೊಳೆದು ಬಂದು, ಅಡುಗೆಮನೆಯ ಹೊಸ್ತಿಲೊಳಗೆ ಒಲೆಯ ಮುಂದೆ ಕೂತ. ಹತ್ತು ದಿನಗಳ ಮೇಲೆ.

“ಮುಕ್ತಾ, ಉಣ್ಣಾಕ ಹಾಕು. ಬಾಯಾರ, ನೀವೂ ಬರ್ರಿ. ಇನ್ನ ಈ ಮನ್ಯಾಗ ಹೆದರಿಕಿ ಇಲ್ಲ. ಅಪ್ಪಾ, ಬಾ, ನನ್ನ ಬಾಜೂಕ ಕೂಡು.”

ಕಲ್ಯಾಣಪ್ಪ ಬಂದು ಮಗನ ಪಕ್ಕ ಕೂತರು. ಮಂದಾಕಿನಿ ಹೊಸ್ತಿಲ ಈಚೆಗೇ ನಿಂತಳು.

ಮುಕ್ತಾ ಎರಡು ತಾಟು ತಂದಳು. ಒಂದು ಅಣ್ಣನ ಮುಂದೆ, ಒಂದು ಮಂದಾಕಿನಿಗೆಂದು ಹಾಕಿದ ಖಾಲಿ ಮಣೆಯ ಮುಂದೆ. ಅವಳ ಸೀರೆಯ ಅಂಚಿಗೆಲ್ಲ ಹೊಲದ ಜೋಳದ ಒಣ ಎಲೆಯ ಚೂರು ಅಂಟಿತ್ತು.

“ಅಪ್ಪನ ತಾಟು?” ಎಂದ ಶಿವಾನಂದ.

ಮುಕ್ತಾ ಅಪ್ಪನ ಎದುರು ಕೂತಳು. ತಲೆಯ ಮೇಲಿನ ಸೆರಗು ಜಾರಿತು, ಅವಳು ಸರಿ ಮಾಡಿಕೊಳ್ಳಲಿಲ್ಲ.

“ಅಪ್ಪಾ,” ಎಂದಳು, “ನೀ ಹೇಳ್ತಿಯೋ, ನಾ ಹೇಳ್ಲೋ?”